ಖಾಲಿ ಡಬ್ಬಿ ಕಳಿಸಿ ರೆಕಾರ್ಡ್ ತರಿಸಿಕೊಂಡಿದ್ದು: ನನ್ನ ಅನುಭವ

ನಾನೇ ಮಾಡಿ ಖಾಲಿ ಕಳಿಸಿದ್ದ ಮೂರು ಡಬ್ಬಿ ಹೋದ ತಿಂಗಳು ನಾಗಪುರದಿಂದ ತುಂಬಿಕೊಂಡು ಬಂದವು. ಒಳಗೆ 61 ಅರಗಿನ ಗ್ರಾಮಫೋನ್ ಪ್ಲೇಟು, ಎಲ್ಲಾ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು. ಒಂದೂ ಒಡೆದಿರಲಿಲ್ಲ. ಮಾರಿದವರನ್ನು ನಾನು ವಿಡಿಯೋ ಕಾಲ್‌ನಲ್ಲಿ ಬಿಟ್ಟರೆ ನೋಡಿಲ್ಲ, ಅವರೂ ನನ್ನನ್ನು ನೋಡಿಲ್ಲ. ಹತ್ತೊಂಬತ್ತು ಸಾವಿರದ ಹತ್ತಿರದ ವ್ಯವಹಾರ ಪೂರ್ತಿ ಫೋನಿನಲ್ಲೇ ಮುಗಿಯಿತು.

ಇದನ್ನು ಬರೆಯಲು ಒಂದು ಕಾರಣ ಇದೆ. ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆ ಹಳೆ ರೆಕಾರ್ಡ್ ಕೂಡಿಸುವವರು ನಾವು ಒಂದು ಹತ್ತು ಹನ್ನೆರಡು ಮಂದಿ ಇದ್ದೇವೆ. ನಾಲ್ಕು ವರ್ಷದಿಂದ ಅವರೆಲ್ಲ ನನಗೆ ಒಂದೇ ಮಾತು ಹೇಳುತ್ತಿದ್ದರು. "ಗುರುತಿಲ್ಲದವರಿಗೆ ಮೊದಲೇ ದುಡ್ಡು ಹಾಕ್ತೀಯಲ್ಲೋ, ಮ್ಯಾಲೆ ಖಾಲಿ ಡಬ್ಬಿ ಬ್ಯಾರೆ ಕಳಸ್ತೀ, ನಿನಗ ದುಡ್ಡು ಜಾಸ್ತಿ ಆಗೈತೇನು?" ಈಗ ಅವರಲ್ಲೇ ಇಬ್ಬರು ಡಬ್ಬಿಯ ಅಳತೆ ಕೇಳಿ ಫೋನ್ ಮಾಡಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನಿಸಿತು.

ನಾನು ಬಾಗಲಕೋಟೆಯ ನವನಗರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ರೆಕಾರ್ಡ್ ಹುಚ್ಚು 2018ರಿಂದ. ಪ್ಲೇಟು ಹೇಗೆ ತೊಳೆಯಬೇಕು, ಸೂಜಿ ಯಾವುದು, ಲೇಬಲ್ ಹೇಗೆ ಓದಬೇಕು, ಇದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ನಾನು ಹೇಳಬೇಕಾದ್ದು ಮಾರುವವರ ಜೊತೆ ಮಾತಾಡುವ ರೀತಿ ಮತ್ತು ದುಡ್ಡು ಕೊಡುವ ರೀತಿ. ಅಂಗಡಿಯವರ ವಿಷಯ ಅಲ್ಲ. ಅಟ್ಟದ ಮೇಲೆ ಅಜ್ಜನ ಪೆಟ್ಟಿಗೆ ಸಿಕ್ಕಿದೆ ಅಂತ ಮೊಬೈಲಿನಲ್ಲಿ ಫೋಟೋ ಹಾಕುವ ಮನೆಮಂದಿಯ ವಿಷಯ.

ಮೊದಲ ಎರಡು ವರ್ಷ ನಾನು ಕಳೆದುಕೊಂಡದ್ದು ಹೇಳಿಬಿಡುತ್ತೇನೆ. ಒಟ್ಟು ಸುಮಾರು 31 ಸಾವಿರ. ಒಂದೇ ಸಲ ಹೋಗಿದ್ದಲ್ಲ, ಸ್ವಲ್ಪ ಸ್ವಲ್ಪವಾಗಿ.

2019ರಲ್ಲಿ ಕೀಲಿ ಕೊಡುವ ಪೆಟ್ಟಿಗೆ ಗ್ರಾಮಫೋನ್ ಒಂದು ಕಣ್ಣಿಗೆ ಬಿತ್ತು. ಬೆಲೆ 4,500. ಮಾರುವವನು ತಾನು ಸೈನ್ಯದಲ್ಲಿದ್ದೇನೆ, ಬದಲಿ ಆಗಿದೆ, ಸಾಮಾನು ತೆಗೆಯಬೇಕು ಅಂದ. ಗುರುತಿನ ಚೀಟಿಯ ಫೋಟೋ ಕೂಡ ಕಳಿಸಿದ. ನಾನು ಪೂರ್ತಿ ದುಡ್ಡು ಹಾಕಿದೆ. ಮರುದಿನ ಗೇಟ್ ಪಾಸ್ ಅಂತ 1,300, ಅದರ ಮರುದಿನ ಜಿಎಸ್‌ಟಿ ಅಂತ 1,500. ಹಾಕುತ್ತಾ ಹೋದೆ. ಆಮೇಲೆ ಫೋನ್ ಬಂದ್. ಆಗ ಆನ್‌ಲೈನ್ ದುಡ್ಡಿನ ಮೋಸದ ದೂರು ಕೊಡುವ 1930 ಸಹಾಯವಾಣಿ ಇನ್ನೂ ಇರಲಿಲ್ಲ. ಠಾಣೆಗೆ ಹೋಗಿ ಬರೆದುಕೊಟ್ಟು ಬಂದೆ, ಅಷ್ಟೇ. ಆ 7,300ಕ್ಕಿಂತ ಜಾಸ್ತಿ ನೋವಾಗಿದ್ದು ಅದರ ನಂತರ. ಒಂದು ವರ್ಷ ನಾನು ಎಲ್ಲರನ್ನೂ ಕಳ್ಳರ ಹಾಗೆ ನೋಡಿದೆ. ಮಾತೆಲ್ಲ ವಿಚಾರಣೆ ಆಯಿತು. ಆಧಾರ್ ಕಳಿಸಿ, ಮನೆ ಮುಂದೆ ನಿಂತು ವಿಡಿಯೋ ಮಾಡಿ, ವಸ್ತು ಕೈಗೆ ಬಂದ ಮೇಲೆ ದುಡ್ಡು. ಒಳ್ಳೆಯ ಮಂದಿ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಕಳ್ಳರು ಮಾತ್ರ ಆಧಾರ್ ಕಳಿಸುತ್ತಿದ್ದರು, ಯಾಕಂದರೆ ಅದು ಅವರದಾಗಿರುತ್ತಿರಲಿಲ್ಲ.

ಎರಡನೆಯದು ಕೊಲ್ಹಾಪುರದ್ದು. 22 ಪ್ಲೇಟು, 5,000 ಚಿಲ್ಲರೆ. ಮಾರಿದವರು ಸಭ್ಯರು, ಮೋಸ ಏನೂ ಇಲ್ಲ. ಆದರೆ ಅವರಿಗೆ ಕಟ್ಟಲು ಬರಲಿಲ್ಲ. ಅಕ್ಕಿ ಚೀಲದಲ್ಲಿ ಹಳೆ ಪೇಪರ್ ಸುತ್ತಿ, ಒಂದರ ಮೇಲೊಂದು ಮಲಗಿಸಿ ಕೊರಿಯರ್‌ಗೆ ಕೊಟ್ಟಿದ್ದರು. 14 ಪುಡಿ. ನಾನು ಸಿಟ್ಟಿನಲ್ಲಿ ಬೈದೆ. ಪುಡಿಯ ಫೋಟೋ ಮೇಲೆ ಫೋಟೋ ಕಳಿಸಿದೆ. ಅವರು 2,000 ತಿರುಗಿ ಹಾಕಿದರು, ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಆರು ತಿಂಗಳಿಗೆ ಗೊತ್ತಾಯಿತು, ಅವರ ಹತ್ತಿರ ಮಿರಜದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಎರಡು ಪ್ಲೇಟು ಇದ್ದವಂತೆ, ಬೇರೆಯವರಿಗೆ ಕೊಟ್ಟರಂತೆ. ಆ ಎರಡು ಸಾವಿರಕ್ಕೆ ನಾನು ತೆತ್ತ ಬೆಲೆ ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆವತ್ತು ಕೂತು ಯೋಚನೆ ಮಾಡಿದೆ. ನನಗೆ ಎಷ್ಟು ಭಯ ಇದೆಯೋ ಅದಕ್ಕಿಂತ ಜಾಸ್ತಿ ಭಯ ಮಾರುವವರಿಗೆ ಇದೆ. ಅವರು ಪ್ರತಿದಿನ ಮಾರುವವರಲ್ಲ. ಜೀವನದಲ್ಲಿ ಒಮ್ಮೆ ಮಾರುತ್ತಿದ್ದಾರೆ, ಅದೂ ಅಪ್ಪನದೋ ಅಜ್ಜನದೋ. ಫೋಟೋ ಹಾಕಿದ ಹತ್ತು ನಿಮಿಷಕ್ಕೆ ಇಪ್ಪತ್ತು ಮಂದಿ "ಲಾಸ್ಟ್ ಎಷ್ಟು" ಅಂತ ಕೇಳಿರುತ್ತಾರೆ. ಇಬ್ಬರು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿದರೆ ದುಡ್ಡು ಬರುತ್ತದೆ ಅಂದಿರುತ್ತಾರೆ. ಡಬ್ಬಿ ಎಲ್ಲಿಂದ ತರುವುದು, ಪೋಸ್ಟಿಗೆ ಯಾರು ಹೋಗುವುದು, ಒಡೆದರೆ ಬೈಸಿಕೊಳ್ಳುವುದು ಯಾರು, ಇಷ್ಟು ಚಿಂತೆ 200 ರೂಪಾಯಿಯ ಒಂದು ಪ್ಲೇಟಿಗೆ. ಹಾಗಾಗಿ ಹೆಚ್ಚಿನವರು ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾನು ಗೆಲ್ಲಬೇಕಾದ್ದು ಬೇರೆ ಗಿರಾಕಿಯನ್ನಲ್ಲ, ಆ ಗುಜರಿಯವನನ್ನು. ಅವನು ಮನೆಗೆ ಬಂದು ಎತ್ತಿಕೊಂಡು ಹೋಗುತ್ತಾನೆ, ಕೈಯಲ್ಲಿ ದುಡ್ಡು ಕೊಡುತ್ತಾನೆ, ಆಮೇಲೆ ಕಿರಿಕಿರಿ ಇಲ್ಲ. ನಾನೂ ದೂರದಿಂದಲೇ ಅಷ್ಟು ಸುಲಭ ಮಾಡಿಕೊಡಬೇಕು.

ಈಗ ನಾನು ಮಾಡುವುದು ಹೀಗೆ.

ಮೊದಲ ಮೆಸೇಜಿನಲ್ಲಿ ಬೆಲೆಯ ಮಾತೇ ಇಲ್ಲ. ನನ್ನ ಹೆಸರು, ಊರು, ಏನು ಕೆಲಸ, ನಿಮ್ಮ ಫೋಟೋದಲ್ಲಿ ಯಾವ ಪ್ಲೇಟು ಬೇಕು, ಎಷ್ಟು ಗಂಟೆಗೆ ಫೋನ್ ಮಾಡಿದರೆ ಅನುಕೂಲ. ನಾಲ್ಕು ಸಾಲು, ಒಂದೇ ಮೆಸೇಜು. "ಹಾಯ್" ಅಂತ ಹಾಕಿ ಉತ್ತರಕ್ಕೆ ಕಾಯುವುದು ಬಹಳ ಕೆಟ್ಟ ಚಟ, ಬಿಟ್ಟುಬಿಡಿ. ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರದ ಕಡೆಯವರಾದರೆ ಮರಾಠಿಯಲ್ಲಿ ಬರೆಯುತ್ತೇನೆ. ನನ್ನ ಮರಾಠಿ ಅಷ್ಟಕ್ಕಷ್ಟೇ, ಆದರೂ ಬರೆಯುತ್ತೇನೆ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಕನ್ನಡ ಬರುವ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ, ಅರ್ಧ ಮಾತು ಮುಗಿಯುವಷ್ಟರಲ್ಲಿ ಫೋನು ಆಕೆಯ ಕೈಗೆ ಹೋಗಿರುತ್ತದೆ.

ಫೋನಿನ ಹೊತ್ತನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪರೀಕ್ಷೆ ಮಾಡಿದ್ದೆ. ಸುಮಾರು 40 ಜನರಿಗೆ, ಅರ್ಧದಷ್ಟು ಜನಕ್ಕೆ ಮಧ್ಯಾಹ್ನ, ಅರ್ಧಕ್ಕೆ ಸಂಜೆ ಏಳರ ಮೇಲೆ. ಮಧ್ಯಾಹ್ನ ಮಾಡಿದವರಲ್ಲಿ ನಾಲ್ಕೋ ಐದೋ ಜನ ಕೊಟ್ಟರು. ಸಂಜೆಯವರಲ್ಲಿ ಹನ್ನೊಂದು. ಸಂಜೆ ಮನೆಯಲ್ಲಿ ಎಲ್ಲರೂ ಇರುತ್ತಾರೆ, ಆಗಲೇ ಕೇಳಿ ನಿರ್ಧಾರ ಆಗುತ್ತದೆ, ಅದೇ ಕಾರಣ ಇರಬೇಕು. ಭಾನುವಾರ ಬೆಳಿಗ್ಗೆ ಇನ್ನೂ ಒಳ್ಳೆಯದು. ವಾಯ್ಸ್ ಮೆಸೇಜ್ ಕಳಿಸಿ ನೋಡಿದೆ, ವಯಸ್ಸಾದವರಿಗೆ ಇಷ್ಟ ಆಗುತ್ತದೆ, ಹುಡುಗರು ಕೇಳುವುದೇ ಇಲ್ಲ.

ಫೋನಿನಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಪೆಟ್ಟಿಗೆಯ ಬಗ್ಗೆ ಒಂದು ಸಣ್ಣ ಪ್ರಶ್ನೆ. ನಿಜವಾಗಿ ಪ್ಲೇಟು ಮನೆಯಲ್ಲಿರುವವರು ಅದಕ್ಕೆ ತಕ್ಷಣ ಉತ್ತರ ಕೊಡುತ್ತಾರೆ, ಮೋಸಗಾರರು ತಡವರಿಸುತ್ತಾರೆ. ಆ ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅವರಿಗೂ ಉತ್ತರ ಗೊತ್ತಾಗುತ್ತದೆ. ನನ್ನನ್ನು ಎದುರು ಸಿಕ್ಕಾಗ ಕೇಳಿ, ಹೇಳುತ್ತೇನೆ.

ಮಾತು ಕುದುರಿತು ಅನ್ನಿ. ಆಗ ದುಡ್ಡು ಮೂರು ಕಂತು.

ಮೊದಲನೆಯದು 200 ಅಥವಾ 300. ಅದು ಪ್ಲೇಟಿನ ಬೆಲೆಯಲ್ಲಿ ಸೇರುವುದಿಲ್ಲ. "ಇದು ನಿಮ್ಮ ತ್ರಾಸಿಗೆ, ಆಟೋಕ್ಕೆ, ಟೇಪಿಗೆ. ವ್ಯವಹಾರ ಆಗದಿದ್ದರೂ ನಿಮ್ಮದೇ" ಅಂತ ಹೇಳುತ್ತೇನೆ. ನಮ್ಮ ಗೆಳೆಯರು ನಕ್ಕಿದ್ದು ಇದಕ್ಕೇ. ಆದರೆ ಲೆಕ್ಕ ನೋಡಿ. ಈ ರೀತಿ ಶುರು ಮಾಡಿದ್ದು 2021ರಲ್ಲಿ. ಇಲ್ಲಿವರೆಗೆ 80, 85 ವ್ಯವಹಾರ ಆಗಿರಬಹುದು. ಆ ಮೊದಲ ಕಂತು ಹಾಕಿ ಆಮೇಲೆ ಏನೂ ಬರದೇ ಹೋದದ್ದು ಆರೋ ಏಳೋ ಸಲ. ಅಂದರೆ ಹೆಚ್ಚೆಂದರೆ 2,100 ರೂಪಾಯಿ. ಮೋಸಗಾರನಿಗೆ 200 ಸಿಕ್ಕರೆ ಅವನ ಆಸೆ ತಡೆಯುವುದಿಲ್ಲ, ಮರುದಿನವೇ ಇನ್ನಷ್ಟು ಹಾಕಿ ಅಂತ ಅವಸರ ಮಾಡುತ್ತಾನೆ, ಆಗಲೇ ಗೊತ್ತಾಗುತ್ತದೆ. ಸಾಚಾ ಮನುಷ್ಯನಿಗೆ 200 ಬಂದರೆ ಮುಜುಗರ ಆಗುತ್ತದೆ. "ಯಾಕ್ರೀ ಇದು, ಬ್ಯಾಡಾಗಿತ್ತು" ಅನ್ನುತ್ತಾರೆ. ಅಲ್ಲಿಂದ ಮುಂದೆ ಅವರು ಬೇರೆಯವರಿಗೆ ಮಾರುವುದಿಲ್ಲ. 7,300 ಕಳೆದುಕೊಂಡು ಕಲಿಯದ್ದನ್ನು 200ರಲ್ಲಿ ಕಲಿತೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಎರಡನೆಯ ಕಂತು ಅರ್ಧ ದುಡ್ಡು, ವಿಡಿಯೋ ಕಾಲ್‌ನಲ್ಲಿ ಪ್ಲೇಟು ನೋಡಿದ ಮೇಲೆ. ಕಿಟಕಿಯ ಬೆಳಕಿಗೆ ಓರೆ ಹಿಡಿಯಲು ಹೇಳಿ, ಕೂದಲೆಳೆ ಬಿರುಕು ಅಲ್ಲೇ ಕಾಣುತ್ತದೆ. ಚೌಕಾಸಿ ಮಾಡುವುದಿದ್ದರೆ ಆಗಲೇ ಮಾಡಿ ಮುಗಿಸಬೇಕು. ಒಮ್ಮೆ ಹೂಂ ಅಂದ ಮೇಲೆ ಬಾಯಿ ಮುಚ್ಚಬೇಕು. ಬೇಡವಾದರೆ ಆವತ್ತೇ ಬೇಡ ಅನ್ನಬೇಕು. "ನೋಡೋಣ, ಹೇಳ್ತೀನಿ" ಅಂತ ಹದಿನೈದು ದಿನ ಎಳೆಯುವವರಿಂದ ನಮ್ಮೆಲ್ಲರ ಹೆಸರು ಕೆಟ್ಟಿದೆ.

ಮೂರನೆಯ ಕಂತು, ಪಾರ್ಸಲ್ ಕೊಟ್ಟ ರಸೀತಿಯ ಫೋಟೋ ಬಂದ ಐದು ನಿಮಿಷದಲ್ಲಿ. ಕೈಗೆ ಬಂದ ಮೇಲೆ ಅಲ್ಲ. ಇದರ ಬಗ್ಗೆ ಧಾರವಾಡದ ಗೆಳೆಯರ ಜೊತೆ ನನ್ನ ಜಗಳ ಇವತ್ತಿಗೂ ಮುಗಿದಿಲ್ಲ. ದಾರಿಯಲ್ಲಿ ಒಡೆದರೆ? ಒಡೆದರೆ ನನ್ನ ಪಾಲು. ಮೊದಲೇ ಹಾಗೆ ಹೇಳಿರುತ್ತೇನೆ, ಒಡೆದರೆ ನಿಮ್ಮನ್ನು ಕೇಳುವುದಿಲ್ಲ ಅಂತ. ಕಟ್ಟುವ ಜವಾಬ್ದಾರಿಯನ್ನು ನಾನೇ ತೆಗೆದುಕೊಂಡ ಮೇಲೆ ಅವರನ್ನು ಹೇಗೆ ಕೇಳಲಿ? ಅಲ್ವಾ?

ಖಾಲಿ ಡಬ್ಬಿ ಬಂದದ್ದು ಅಲ್ಲಿಂದಲೇ.

ಮೊದಲು ನಾನು ಕಟ್ಟುವುದು ಹೇಗೆ ಅಂತ ವಿಡಿಯೋ ಮಾಡಿ ಕಳಿಸುತ್ತಿದ್ದೆ. ಯಾರೂ ಪೂರ್ತಿ ನೋಡಲಿಲ್ಲ. ಆಮೇಲೆ ನನಗೆ ನಾನೇ ಪಾರ್ಸಲ್ ಕಳಿಸಿ ನೋಡಿದೆ. ಮೊದಲೇ ಬಿರುಕು ಬಿಟ್ಟ, ಕೆಲಸಕ್ಕೆ ಬಾರದ ಪ್ಲೇಟುಗಳನ್ನು ಬೇರೆ ಬೇರೆ ರೀತಿ ಕಟ್ಟಿ ವಿಜಯಪುರದ ಗೆಳೆಯನಿಗೆ ಬಸ್ಸಿನಲ್ಲಿ ಹಾಕುವುದು, ಅವನು ಬಿಚ್ಚದೆ ಹಾಗೇ ತಿರುಗಿ ಹಾಕುವುದು. ಜೋಳದ ಕಣಕಿ ಕತ್ತರಿಸಿ ತುಂಬಿ ನೋಡಿದೆ, ಹಗುರ ಮತ್ತು ಪುಕ್ಕಟೆ, ಆದರೆ ಕುಲುಕಿದ ಹಾಗೆ ಕೆಳಗೆ ಕೂತುಬಿಡುತ್ತದೆ, ಮೇಲೆ ಖಾಲಿ ಜಾಗ ಆಗುತ್ತದೆ, ಐದರಲ್ಲಿ ಮೂರು ಹೋದವು. ಹತ್ತಿ ತುಂಬಿದ ಹಳೆ ಗಾದಿ ಚೂರು ಚೆನ್ನಾಗಿತ್ತು, ತೂಕ ಜಾಸ್ತಿ. ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಮಲಗಿಸಿದ್ದರಲ್ಲಿ ಐದಕ್ಕೆ ಎರಡು ಒಡೆದವು. ನಿಲ್ಲಿಸಿ ಕಟ್ಟಿದವು ಒಂದೂ ಒಡೆಯಲಿಲ್ಲ. ಪ್ಲೇಟು ಯಾವತ್ತೂ ನಿಂತುಕೊಂಡೇ ಪ್ರಯಾಣ ಮಾಡಬೇಕು, ಇದು ನಿಮಗೂ ಗೊತ್ತು, ಮನೆಮಂದಿಗೆ ಗೊತ್ತಿರುವುದಿಲ್ಲ.

ಫ್ರಿಜ್ ಬರುವ ದಪ್ಪ ರಟ್ಟನ್ನು ಅಂಗಡಿಗಳಿಂದ ತಂದು, ಎರಡು ಪದರ ಅಂಟಿಸಿ, ಒಳಗೆ ಎರಡೂ ಬದಿಗೆ ಹಾರ್ಡ್‌ಬೋರ್ಡ್ ಕೊಟ್ಟು, 20, 21 ಪ್ಲೇಟು ಹಿಡಿಯುವ ಡಬ್ಬಿ ಮಾಡಿದೆ. ಹತ್ತು ಇಂಚಿನ ಪ್ಲೇಟಿಗೆ ಹನ್ನೊಂದು ಇಂಚಿನ ರಟ್ಟಿನ ಚೌಕ, ಎರಡು ಪ್ಲೇಟಿನ ನಡುವೆ ಒಂದೊಂದು. ಟೇಪ್, ಕತ್ತರಿ, ನನ್ನ ವಿಳಾಸ ಬರೆದು ಅಂಟಿಸಿದ ಮುಚ್ಚಳ, ಎಲ್ಲಾ ಒಳಗೇ. ಮಾರುವವರು ಮಾಡಬೇಕಾದ್ದು ಪ್ಲೇಟು ನಿಲ್ಲಿಸುವುದು, ಟೇಪ್ ಹಚ್ಚುವುದು, ಅಷ್ಟೇ. ನಾಲ್ಕು ಮೂಲೆಗೆ ನಾನು ಒಂದು ವಸ್ತು ತುಂಬುತ್ತೇನೆ, ಪುಕ್ಕಟೆ ಸಿಗುತ್ತದೆ, ಅದು ಏನು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಡಬ್ಬಿಗೆ ಖರ್ಚು 120ರ ಆಸುಪಾಸು, ಅದನ್ನು ಕಳಿಸಲು ದೂರ ನೋಡಿಕೊಂಡು ಇನ್ನೊಂದು 150, 200. ಬರುವಾಗ ತೂಕದ ದುಡ್ಡು ಬೇರೆ. ಐದಾರು ಪ್ಲೇಟಿಗೆ ಇದು ದುಬಾರಿ, ಒಪ್ಪುತ್ತೇನೆ. ಹತ್ತರ ಮೇಲಾದರೆ ಖಂಡಿತ ಲಾಭ. ಕೊಲ್ಹಾಪುರದಲ್ಲಿ ಒಡೆದ 14ರ ಲೆಕ್ಕ ಹಾಕಿ, ಹತ್ತು ಡಬ್ಬಿ ಬರುತ್ತಿದ್ದವು.

ಇದೇ ಡಬ್ಬಿ ನೋಡಿ ಗಾಜಿನ ವಾಲ್ವ್ ಇರುವ ಹಳೆ ರೇಡಿಯೋಗೂ ಒಂದು ಮಾಡೋಣ ಅಂತ ಹೋದೆ. ಆಗಲಿಲ್ಲ. ವಾಲ್ವ್ ಕಿತ್ತು ಬೇರೆ ಕಟ್ಟಬೇಕು, ಯಾವುದು ಎಲ್ಲಿಯದು ಅಂತ ಗುರುತು ಹಾಕಬೇಕು, ಮನೆಮಂದಿಗೆ ಅದು ಹೇಳಿ ಮಾಡಿಸುವುದು ಕಷ್ಟ. ಎರಡು ಸೆಟ್ ಹಾಳಾದ ಮೇಲೆ ಬಿಟ್ಟೆ. ರೇಡಿಯೋ ಬೇಕಾದರೆ ಈಗ ನಾನೇ ಹೋಗಿ ತರುತ್ತೇನೆ. ಜಮಖಂಡಿ, ಮುಧೋಳ, ರಾಮದುರ್ಗ, ಇವೆಲ್ಲ ಸಂಸ್ಥಾನದ ಊರುಗಳು, ಹಳೆ ವಾಡೆಗಳಲ್ಲಿ ಇನ್ನೂ ಸಾಮಾನು ಇದೆ.

ಯುಪಿಐ ವಿಷಯದಲ್ಲಿ ಎರಡು ಮೂರು ಮಾತು ಹೇಳಲೇಬೇಕು.

ದುಡ್ಡು ಹಾಕುವ ಮೊದಲು ಪರದೆಯ ಮೇಲೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದಲ್ಲ, ಅದನ್ನು ಓದಿ ಹೇಳುತ್ತೇನೆ, "ಈ ಹೆಸರು ಬರ್ತಾ ಇದೆ, ಇದು ನಿಮ್ಮದೇನಾ?" ಬಹಳ ಸಲ ಮಗಳದೋ ಅಳಿಯನದೋ ಇರುತ್ತದೆ, ಅದು ತಪ್ಪಲ್ಲ. ಆದರೆ ಅವರೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಒಂದು ರೂಪಾಯಿ. ಅದು ಬಂದಿದೆ ಅಂದ ಮೇಲೆ ಉಳಿದದ್ದು.

ಹಾಕಿದ ಮೇಲೆ ಸುಮ್ನೆ ಸ್ಕ್ರೀನ್‌ಶಾಟ್ ಕಳಿಸಿ ಕೂರಬೇಡಿ. ನಕಲಿ ಸ್ಕ್ರೀನ್‌ಶಾಟ್ ಮಾಡುವ ಆ್ಯಪ್‌ಗಳಿವೆ, ಮಾರುವವರಿಗೂ ಈ ಸುದ್ದಿ ಗೊತ್ತಿರುತ್ತದೆ. ದುಡ್ಡು ಹಾಕಿದಾಗಲೆಲ್ಲ ಬರುವ 12 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್, ನಾನು ಬರೆದು ಕಳಿಸುತ್ತೇನೆ, ಎಷ್ಟು ಗಂಟೆಗೆ ಹಾಕಿದೆ ಬರೆಯುತ್ತೇನೆ, ಮೇಲೆ ಇದೊಂದು ಸಾಲು: "ನನ್ನ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕಿನ ಲೆಕ್ಕ ನೋಡಿ ಖಾತ್ರಿ ಮಾಡಿಕೊಂಡು ಪಾರ್ಸಲ್ ಕಳಿಸಿ." ಈ ಒಂದು ಸಾಲಿನಿಂದ ನನಗೆ ಸಿಕ್ಕ ನಂಬಿಕೆ ಯಾವ ಗುರುತಿನ ಚೀಟಿಯಿಂದಲೂ ಸಿಕ್ಕಿಲ್ಲ. ಕೊಳ್ಳುವವನೇ ನನ್ನನ್ನು ನಂಬಬೇಡ ಅಂತ ಹೇಳಿದರೆ ಅವರಿಗೆ ಆಶ್ಚರ್ಯ ಆಗುತ್ತದೆ.

ದುಡ್ಡು ಪಡೆಯಲು ಪಿನ್ ಒತ್ತುವುದು ಬೇಕಿಲ್ಲ, ಯಾವ ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಇದನ್ನು ಪ್ರತಿಯೊಬ್ಬ ಮಾರುವವರಿಗೂ ಹೇಳುತ್ತೇನೆ, ನನ್ನಿಂದ ಅಲ್ಲದಿದ್ದರೂ ಬೇರೆಯವರಿಂದ ಅವರು ಉಳಿಯಲಿ ಅಂತ. ಒಬ್ಬರಿಂದ ಒಬ್ಬರಿಗೆ ಕಲೆಕ್ಟ್ ರಿಕ್ವೆಸ್ಟ್, ಅಂದರೆ ದುಡ್ಡು ಕೇಳುವ ಕೋರಿಕೆ, ಕಳಿಸುವುದನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ, ಒಳ್ಳೆಯದಾಯಿತು. ಕ್ಯೂಆರ್ ಮೋಸ ಮಾತ್ರ ನಿಂತಿಲ್ಲ. ಸೊಲ್ಲಾಪುರದ ಅಜ್ಜರೊಬ್ಬರಿಗೆ ಖಾತೆ ನಂಬರ್ ಕಳಿಸಿ ಅಂದರೆ ಎಟಿಎಂ ಕಾರ್ಡಿನ ಎರಡೂ ಬದಿ ಫೋಟೋ ಕಳಿಸಿದ್ದರು. ಎದೆ ಧಸಕ್ಕೆಂದಿತು. ತಕ್ಷಣ ಅಳಿಸಿ, ಫೋನ್ ಮಾಡಿ, ಅವರ ಕಡೆಯಿಂದಲೂ ಅಳಿಸಿಸಿ, ಮೊಮ್ಮಗನನ್ನು ಕರೆಸಿ ಆ ಕಾರ್ಡ್ ಬದಲಾಯಿಸಲು ಹೇಳಿದೆ. ಆವತ್ತು ಪ್ಲೇಟಿನ ಮಾತೇ ಆಡಲಿಲ್ಲ. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು.

ನನ್ನ ಕಡೆಯಿಂದ ಆದ ತಪ್ಪೂ ಒಂದು ಇದೆ. ಹೊಸ ಫೋನ್ ತಗೊಂಡ ದಿನವೇ ಒಬ್ಬರಿಗೆ 6,500 ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದೆ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ತಾಸು 5,000ಕ್ಕಿಂತ ಜಾಸ್ತಿ ಹೋಗುವುದಿಲ್ಲ, ನನಗೆ ನೆನಪಿರಲಿಲ್ಲ. ನಾಳೆ ಹಾಕುತ್ತೇನೆ ಅಂದೆ, ಅವರು ಸುಳ್ಳು ಅಂದುಕೊಂಡರು. ಕೊಡಲಿಲ್ಲ. ನಾನೇ ಆ ಜಾಗದಲ್ಲಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಈಗ ಹೇಳಿದ ಹೊತ್ತಿಗೆ ಹಾಕಲು ಆಗುತ್ತದೋ ಇಲ್ಲವೋ ಮೊದಲು ನೋಡಿಕೊಂಡೇ ಮಾತು ಕೊಡುತ್ತೇನೆ.

ಈ ರೀತಿಯಲ್ಲೂ ಮೋಸ ಹೋಗಿಲ್ಲ ಅಂತಲ್ಲ. ಮೊದಲ ಕಂತಿನ ಚಿಲ್ಲರೆ ಬಿಟ್ಟು, ಅರ್ಧ ದುಡ್ಡು ಹೋದದ್ದು ಮೂರು ಸಲ. ಕೊನೆಯದು 2023ರಲ್ಲಿ, 3,000. ವಿಡಿಯೋ ಕಾಲ್‌ನಲ್ಲಿ ಪ್ಲೇಟು ತೋರಿಸಿದ್ದ, ಅವು ಬೇರೆಯವರ ಪ್ಲೇಟು. ಅರ್ಧ ತಾಸಿನೊಳಗೆ 1930ಕ್ಕೆ ಫೋನ್ ಮಾಡಿದೆ. ಅದು ಒಳ್ಳೆಯದಾಯಿತು, ಒಂದಿಷ್ಟು ದುಡ್ಡು ಆ ಖಾತೆಯಲ್ಲೇ ತಡೆದಿದ್ದರು, ಐದಾರು ತಿಂಗಳಿಗೆ 1,900ರ ಹತ್ತಿರ ತಿರುಗಿ ಬಂತು. ಯುಟಿಆರ್ ನಂಬರ್ ಬರೆದಿಡುವ ಚಟ ಆವತ್ತು ಉಪಯೋಗಕ್ಕೆ ಬಂತು. ಎಲ್ಲಾ ಕೂಡಿಸಿ ನಾಲ್ಕು ವರ್ಷದಲ್ಲಿ ಹೋದದ್ದು 9,000 ಇರಬಹುದು. ಮೊದಲಿನ ಎರಡು ವರ್ಷದ 31 ಸಾವಿರದ ಮುಂದೆ ಇಟ್ಟು ನೋಡಿ. ಪ್ಲೇಟುಗಳ ಸಂಖ್ಯೆ ಆಗ 90 ಇತ್ತು, ಈಗ 640 ದಾಟಿದೆ.

ಇನ್ನು ನಾಗಪುರದ ಪೆಟ್ಟಿಗೆ ಹೇಗೆ ಬಂತು ಅಂತ.

ಎರಡು ವರ್ಷದ ಹಿಂದೆ ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಹುಡುಗನೊಬ್ಬ ನಾಲ್ಕು ಪ್ಲೇಟು ಹಾಕಿದ್ದ. ಒಂದೊಂದಕ್ಕೆ 200. ಮೂರು ಸಾಧಾರಣ ಸಿನಿಮಾದವು. ನಾಲ್ಕನೆಯದರ ಲೇಬಲ್ ಹಿಗ್ಗಿಸಿ ನೋಡಿದರೆ ಗಾಂಧಾರಿ ಅಂತ ಇತ್ತು. ನಿಮಗೆ ಹೇಳಬೇಕಾಗಿಲ್ಲ, ನಮ್ಮ ಗಂಗೂಬಾಯಿ ಹಾನಗಲ್ಲರು ಮೊದಮೊದಲು ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಹಾಡಿದ್ದು ಆ ಹೆಸರಿನಲ್ಲೇ. 1930ರ ದಶಕದ ಪ್ಲೇಟು, ಆ ಗಡಸು ದನಿ ಬರುವ ಮೊದಲಿನ ತೆಳು ದನಿ. ನನ್ನ ಕೈ ನಡುಗಿತು. 200 ಹಾಕಿ ತರಿಸಿಕೊಂಡುಬಿಡಬಹುದಿತ್ತು. ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದೆ. ಮರುದಿನ ಸಂಜೆ ಫೋನ್ ಮಾಡಿ ಹೇಳಿದೆ, ತಮ್ಮಾ, ಈ ಮೂರಕ್ಕೆ ನೀನು ಹೇಳಿದ ಬೆಲೆ ಸರಿ ಇದೆ, ಆದರೆ ನಾಲ್ಕನೆಯದು ಯಾರದು ಅಂತ ನಿನಗೆ ಗೊತ್ತಾ? ಅವನಿಗೆ ಗೊತ್ತಿರಲಿಲ್ಲ. ಗಂಗೂಬಾಯಿ ಯಾರು ಅಂತಲೂ ಗೊತ್ತಿರಲಿಲ್ಲ. ಹೇಳಿದೆ. ನಾನು 1,200 ಕೊಡುತ್ತೇನೆ, ನಿನಗೆ ಬೇರೆ ಕಡೆ ಜಾಸ್ತಿ ಸಿಗಬಹುದು, ವಿಚಾರ ಮಾಡಿ ಹೇಳು ಅಂದೆ. ಎರಡು ದಿನ ಬಿಟ್ಟು ಅವನು ನನಗೇ ಕೊಟ್ಟ.

ಇದಕ್ಕೆ ನಮ್ಮ ಗುಂಪಿನಲ್ಲಿ ಆದ ಗದ್ದಲ ಅಷ್ಟಿಷ್ಟಲ್ಲ. ಸಾವಿರ ರೂಪಾಯಿ ಹೊಳೆಗೆ ಹಾಕಿದೆ ಅಂದರು. ಒಬ್ಬರಂತೂ ನೀನು ಹೀಗೆ ಬೆಲೆ ಕಲಿಸಿದರೆ ನಾಳೆ ನಮಗೆಲ್ಲ ದುಬಾರಿ ಆಗುತ್ತದೆ ಅಂತ ಸಿಟ್ಟಾದರು. ಅವರ ಸಿಟ್ಟು ಪೂರ್ತಿ ತಪ್ಪಲ್ಲ, ಬೆಲೆ ಏರಿದ್ದೂ ನಿಜ. ಆದರೂ ತಿಳಿಯದವರ ಕೈಯಿಂದ ಕಸಿದುಕೊಂಡ ಪ್ಲೇಟನ್ನು ನನಗೆ ಕೂತು ಕೇಳಲು ಆಗುವುದಿಲ್ಲ.

ಪಾರ್ಸಲ್ ಬಂದ ಮೇಲೆ ನಾನು ಯಾವಾಗಲೂ ಎರಡು ಕೆಲಸ ಮಾಡುತ್ತೇನೆ. ಒಂದು, ಆ ಪ್ಲೇಟು ತೊಳೆದು, ಹಚ್ಚಿ, ಮೂರು ನಿಮಿಷದ ಹಾಡು ಪೂರ್ತಿ ರೆಕಾರ್ಡ್ ಮಾಡಿ ಅವರಿಗೆ ಕಳಿಸುವುದು. ಹೆಚ್ಚಿನ ಮನೆಗಳಲ್ಲಿ ಪ್ಲೇಟು ಇದ್ದರೂ ಮಶಿನ್ ಕೆಟ್ಟು ನಲವತ್ತು ಐವತ್ತು ವರ್ಷ ಆಗಿರುತ್ತದೆ. ಅವರಲ್ಲಿ ಎಷ್ಟೋ ಮಂದಿ ತಾವು ಮಾರಿದ್ದು ಏನು ಅಂತ ಮೊದಲ ಸಲ ಕೇಳುವುದು ಆವಾಗಲೇ. ಇನ್ನೊಂದು, ಅರ್ಧ ಕಿಲೋ ಕರದಂಟು ಕಳಿಸುವುದು. ಅಮೀನಗಡದ್ದು. ಮೊದಲು ಬೆಳಗಾವಿ ಕುಂದಾ ಕಳಿಸಿ ನೋಡಿದ್ದೆ, ಹಾಲಿನದಲ್ವಾ, ಬೇಸಿಗೆಯಲ್ಲಿ ನಾಲ್ಕು ದಿನ ಡಬ್ಬಿಯಲ್ಲಿ ಕೂತು ಕೆಟ್ಟುಹೋಯಿತು, ಅವರು ಪಾಪ ಚೆನ್ನಾಗಿತ್ತು ಅಂತಲೇ ಹೇಳಿದರು, ಆಮೇಲೆ ಮಗಳಿಂದ ನಿಜ ಗೊತ್ತಾಯಿತು. ಕರದಂಟು ಬೆಲ್ಲ, ಅಂಟು, ಒಣಹಣ್ಣಿನದು, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಎಲ್ಲಾ ಸೇರಿ 300, 350 ಖರ್ಚು. ದೊಡ್ಡ ವ್ಯವಹಾರಕ್ಕೆ ಮಾತ್ರ ಕಳಿಸುತ್ತೇನೆ. ಗಾಂಧಾರಿ ಪ್ಲೇಟಿಗೆ ಕಳಿಸಿದ್ದೆ.

ಆ ಹುಡುಗ ಆ ಹಾಡನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದರಲ್ಲಿ ನಾಗಪುರದ ಅವನ ದೊಡ್ಡಮ್ಮ ಇದ್ದರು, ನಿವೃತ್ತ ಶಿಕ್ಷಕಿ. ಯಜಮಾನರು ತೀರಿಕೊಂಡು ಮೂರು ವರ್ಷ ಆಗಿತ್ತು. ಟ್ರಂಕಿನಲ್ಲಿ 61 ಪ್ಲೇಟು. ಮಕ್ಕಳು ಗುಜರಿಗೆ ಹಾಕೋಣ ಅನ್ನುತ್ತಿದ್ದರು. ಆಕೆ ಬಾಗಲಕೋಟೆಯವನ ನಂಬರ್ ಕೊಡು ಅಂತ ಹುಡುಗನಿಗೆ ಹೇಳಿದರು. ಫೋನ್ ಅವರೇ ಮಾಡಿದರು, ನಾನಲ್ಲ.

ಪಟ್ಟಿ ಮಾಡಲು ಐದು ಸಂಜೆ ಬೇಕಾಯಿತು. ಆಕೆ ಲೇಬಲ್ ಓದುವುದು, ನಾನು ಬರೆದುಕೊಳ್ಳುವುದು, ಒಂದೊಂದಕ್ಕೆ ಎಷ್ಟು ಕೊಡಬಹುದು ಅಂತ ಅಲ್ಲೇ ಹೇಳುವುದು. ನಾಟ್ಯ ಸಂಗೀತ, ಅಂದರೆ ಮರಾಠಿ ನಾಟಕದ ಹಾಡು, ಜಾಸ್ತಿ. ನಡುವೆ ಒಂದು ಕಡೆ ಆಕೆ ನಿಂತು, "ಇದರಲ್ಲಿ ನಿಮ್ಮ ಕಡೆಯವರೊಬ್ಬರಿದ್ದಾರೆ ನೋಡಿ" ಅಂದರು. ಬೀಳಗಿಯಲ್ಲಿ ಹುಟ್ಟಿದ ಗಾಯಕಿ ಅಮೀರಬಾಯಿ ಕರ್ನಾಟಕಿ, ಮೂರು ಪ್ಲೇಟು. ಬೀಳಗಿ ನಮ್ಮಿಂದ ಒಂದು ತಾಸಿನ ದಾರಿ ಅಂತ ಹೇಳಿದೆ. ಆಕೆಗೆ ಬಹಳ ಖುಷಿ ಆಯಿತು. ಆ ಮೂರನ್ನು ಬೆಲೆಯಿಲ್ಲದೆ ಕೊಡುತ್ತೇನೆ, ಊರಿಗೆ ಹೋಗಲಿ ಅಂದರು. ನಾನು ಒಪ್ಪಲಿಲ್ಲ. ಬಾಯಿ ಮಾತಿನಲ್ಲಿ ಪುಕ್ಕಟೆ ಕೊಟ್ಟದ್ದು ನಾಳೆ ಮಕ್ಕಳ ಎದುರು ಮಾತಿಗೆ ಬರಬಾರದು, ಅದಕ್ಕೂ ಲೆಕ್ಕ ಹಿಡಿದೆ. ಪೂರ್ತಿ ಪಟ್ಟಿ, ಬೆಲೆ ಸಮೇತ, ಮಗನಿಗೂ ಕಳಿಸಿದೆ. ಅವನು ಎರಡು ಬೆಲೆ ಏರಿಸಿ ಕೇಳಿದ, ಸರಿಯಾಗಿಯೇ ಕೇಳಿದ್ದ, ಕೊಟ್ಟೆ.

ಮೂರು ಖಾಲಿ ಡಬ್ಬಿ ಹೋದವು. ಎಂಟು ದಿನಕ್ಕೆ ತುಂಬಿದ ಡಬ್ಬಿಗಳ ರಸೀತಿಯ ಫೋಟೋ ಬಂತು. ಕೊನೆಯ ಕಂತು 9,400 ಆವತ್ತೇ ಹಾಕಿ ಯುಟಿಆರ್ ಬರೆದು ಕಳಿಸಿದೆ. ಡಬ್ಬಿ ಬಿಚ್ಚುವ ದಿನ ಹುಬ್ಬಳ್ಳಿಯಿಂದ ಒಬ್ಬರು ನೋಡಲಿಕ್ಕೆ ಅಂತಲೇ ಬಂದಿದ್ದರು. ಎಣಿಸಿ ಮುಗಿಸಿದ ಮೇಲೆ ಅವರು ಮಾತಾಡಲಿಲ್ಲ, ಟೇಪು ತಗೊಂಡು ಡಬ್ಬಿಯ ಅಳತೆ ತೆಗೆಯಲು ಶುರು ಮಾಡಿದರು.

ದಿನಕ್ಕೆ ಎರಡು ಮೂರರಂತೆ ತೊಳೆದು ಹಾಡು ಕಳಿಸುತ್ತಿದ್ದೇನೆ. ನಿನ್ನೆವರೆಗೆ 38 ಆಗಿವೆ. ಮೊನ್ನೆ ಒಂದು ಪ್ಲೇಟಿನ ಒಂದೇ ಬದಿ ಕಳಿಸಿದ್ದೆ, ಇನ್ನೊಂದು ಬದಿ ಬಹಳ ಸವೆದಿತ್ತು, ಕರಕರ ಅಂತ ಶಬ್ದವೇ ಜಾಸ್ತಿ. ರಾತ್ರಿ ಫೋನ್ ಬಂತು. "ಅದರ ಹಿಂದಿನ ಬದಿ ಅವರು ದಿನಾ ಹಚ್ಚುತ್ತಿದ್ದರು, ಅದಕ್ಕೇ ಸವೆದಿರಬೇಕು. ಶಬ್ದ ಇದ್ದರೂ ಇರಲಿ, ಕಳಿಸಿ" ಅಂದರು. ದಪ್ಪ ಸೂಜಿ ಹಾಕಿ ನೋಡಬೇಕು. ಅದಕ್ಕೆ ಬೇಕಾದ ಅಳತೆಯ ಸೂಜಿ ನನ್ನ ಹತ್ತಿರ ಇಲ್ಲ, ವಿಜಯಪುರದ ಗೆಳೆಯನ ಹತ್ತಿರ ಇದೆ, ಶನಿವಾರದ ಬಸ್ಸಿಗೆ ಹಾಕುತ್ತೇನೆ ಅಂದಿದ್ದಾನೆ.